ಕುರಿಯಜ್ಜಿ ಮತ್ತು ಕಲ್ಲುಬಾಗಿಲು

"ನಾನು ತೆಗೆಯಲಾಗದ ಬೀಗ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ, ತಿಳೀತಾ?"

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬೀಗ ರಿಪೇರಿಯವನು ಹೀಗೆ ಘೋಷಿಸಿದ. ಸಿಟ್ಟಿಗೆ ಕಾರಣ ಟಿವಿಯಲ್ಲಿತ್ತು. ಅವನ ಹೆಂಡತಿಯೂ ಅಮ್ಮನೂ ದಿನಾ ಸಂಜೆ ಒಟ್ಟಿಗೆ ಕೂತು ಒಂದು ವಿಡಿಯೋ ಗೇಮ್ ಆಡುತ್ತಿದ್ದರು. ಕತ್ತಿ, ಮಂತ್ರ, ರಾಕ್ಷಸರಿರುವ ದೊಡ್ಡ ಸಾಮ್ರಾಜ್ಯ ಅದು. ಹೊಡೆದಾಟ ಸೊಸೆಯದು, ತೀರ್ಮಾನ ಅತ್ತೆಯದು. ಅತ್ತೆಯ ತೀರ್ಮಾನದಂತೆ ಗುಹೆಯ ಕಲ್ಲುಬಾಗಿಲೊಂದನ್ನು ತೆಗೆಯದೆ ಹಾಗೇ ಬಿಟ್ಟು ಬಂದಿದ್ದರು. ಬೀಗ ಹಾಕಿದ ಬಾಗಿಲನ್ನು ಬಿಟ್ಟು ಬರುವುದೇ? ಅದೂ ತನ್ನ ಮನೆಯವರು!

"ರೀ, ಅದರ ತಂಟೆಗೆ ಹೋಗ್ಬೇಡಿ," ಎಂದಳು ಹೆಂಡತಿ, ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಹೊರಡಿಸುತ್ತಾ. "ಇವತ್ತು ಸಂಜೆ ಕುರಿಯಜ್ಜೀನ ಮೊಮ್ಮಕ್ಕಳ ಹತ್ರ ಮುಟ್ಟಿಸ್ಬೇಕು. ಅತ್ತೆ ಅದಕ್ಕೇ ಕಾಯ್ತಿದಾರೆ."

ಕುರಿಯಜ್ಜಿ ಆಟದೊಳಗಿನ ಕುಂಟು ಮುದುಕಿ. ದಾರಿ ತಪ್ಪಿ, ಇವರು ಆಡಿಸುವ ನಾಯಕಿಯ ಜೊತೆ ಸೇರಿಕೊಂಡವಳು. ಅಮ್ಮನಿಗೆ ಅವಳೆಂದರೆ ಪ್ರಾಣ. ಆಟದಲ್ಲಿ ಮಳೆ ಬಂದರೆ ಅವಳನ್ನು ಮರದಡಿ ನಿಲ್ಲಿಸುವವರೆಗೂ ಅಮ್ಮನಿಗೆ ಸಮಾಧಾನವಿಲ್ಲ.

ಅವರಿಬ್ಬರೂ ಅತ್ತ ಹೋದದ್ದೇ ತಡ, ನಮ್ಮ ವೀರ ಇತ್ತ ಸೋಫಾ ಏರಿದ. ನೋಡಿದರೆ ಆಟ 'ಸುಲಭ'ದಲ್ಲಿದೆ! "ಛೆ, ಸುಲಭದಲ್ಲಿ ಗೆದ್ದರೆ ಅದೂ ಒಂದು ಗೆಲುವಾ?" ಎಂದು 'ಅತಿ ಕಠಿಣ' ಒತ್ತಿದ. ಈ ಹಂತದಲ್ಲಿ ಮಾಡಿದ್ದನ್ನು ಅಳಿಸಲು ಬರುವುದಿಲ್ಲ ಎಂಬ ಎಚ್ಚರಿಕೆ ಬಂತು. ಅವನು ಓದಲಿಲ್ಲ. ಊರ ಬಾಗಿಲಲ್ಲೇ ಒಂದು ಬಾತುಕೋಳಿ ಕುಕ್ಕಿ ನಾಯಕಿಯ ಅರ್ಧ ಜೀವ ತೆಗೆಯಿತು. ಬಾತುಕೋಳಿ! ಬಿದ್ದೂ ಎದ್ದೂ ಗುಹೆ ಸೇರಿದ. ಬಾಗಿಲ ಪಕ್ಕದ ಕಲ್ಲಲ್ಲಿ ಏನೋ ಕೆತ್ತಿತ್ತು. ಅದನ್ನೂ ಓದಲಿಲ್ಲ. ಬೀಗವನ್ನು ಮಾತ್ರ ಕಣ್ಣು ಮಿಟುಕಿಸುವುದರೊಳಗೆ ತೆಗೆದು, ಕುರಿಯಜ್ಜಿಯ ಸಮೇತ ಒಳಗೆ ನುಗ್ಗಿದ.

ಬಾಗಿಲು ಹಿಂದಿನಿಂದ ದಡಾರನೆ ಮುಚ್ಚಿಕೊಂಡಿತು. ಒಳಗಡೆ ಬೀಗವೂ ಇಲ್ಲ, ಕೀಲಿಕಂಡಿಯೂ ಇಲ್ಲ. ಬರೀ ಬಂಡೆ! ಬಂಡೆಯೇ ಮಾತಾಡಿತು: "ಒಬ್ಬರು ಮಾತ್ರ ಹೊರಗೆ ಹೋಗಬಹುದು. ಯಾರು?"

ಮುದುಕಿಯನ್ನು ಒಳಗೆ ಬಿಟ್ಟರೆ ಅಮ್ಮನಿಗೆ ಮುಖ ತೋರಿಸುವುದು ಹೇಗೆ? "ಅಜ್ಜಿ ಹೋಗಲಿ," ಎಂದು ಒತ್ತಿದ. ನಾಯಕಿ ಒಳಗೆ ಉಳಿದಳು. ಕುರಿಯಜ್ಜಿ ಹೊರಗೆ ಒಬ್ಬಳೇ ಕುಕ್ಕರುಗಾಲಲ್ಲಿ ಕೂತು ಗೊಳೋ ಎಂದು ಅತ್ತಳು. ಸರಿಯಾಗಿ ಅದೇ ಹೊತ್ತಿಗೆ ಅಮ್ಮ ಮನೆಯೊಳಗೆ ಕಾಲಿಟ್ಟರು.

"ಅಯ್ಯಯ್ಯೋ! ನಮ್ಮ ಕುರಿಯಜ್ಜಿ ಯಾಕೋ ಅಳ್ತಿದಾಳೆ?"

"ಅದು... ಬಾಗಿಲು ಮುಚ್ಕೊಂಡ್ಬಿಡ್ತಮ್ಮ."

"ತೆಗಿ ಮತ್ತೆ! ಬೀಗದೋನಲ್ವಾ ನೀನು?"

"ಒಳಗಡೆಯಿಂದ ಬರಲ್ಲಮ್ಮ..."

"ರೀ, ತಂಟೆಗೆ ಹೋಗ್ಬೇಡಿ ಅಂತ ಬಡ್ಕೊಂಡಿದ್ದೆ!" ಎಂದಳು ಹೆಂಡತಿ.

ಅಮ್ಮ ಆಟದ ಕಂಟ್ರೋಲರ್ ಕಿತ್ತುಕೊಂಡರು. ಈಗ ಆಡಿಸಲು ಉಳಿದಿದ್ದವಳು ಕುರಿಯಜ್ಜಿ ಒಬ್ಬಳೇ. ಅವಳಿಗೆ ಹೊಡೆದಾಟ ಬಾರದು, ಓಡಲೂ ಬಾರದು. ಅಮ್ಮ ಬಾತುಕೋಳಿಯ ಹತ್ತಿರ ಸುಳಿಯದೆ ಸುತ್ತುದಾರಿ ಹಿಡಿದು, ಅವಳನ್ನು ಕುಂಟಿಸುತ್ತಾ ಊರಿಗೆ ನಡೆಸಿದರು. ಕಂಡಕಂಡವರಿಗೆ 'ಬೆದರಿಸು' ಬಿಟ್ಟು 'ವಿನಯದಿಂದ ಕೇಳು' ಒತ್ತಿದರು. ಕೊನೆಗೆ ಸಂತೆಬೀದಿಯಲ್ಲಿ ಒಬ್ಬ ಬೀಗದವನು ಸಿಕ್ಕ. ಅವನು ಕೆಲಸ ಅಲ್ಲೇ ಬಿಟ್ಟು ಅಜ್ಜಿಯ ಹಿಂದೆ ಬಂದ, ಕಲ್ಲಿನ ಮೇಲಿದ್ದದ್ದನ್ನು ಪೂರ್ತಿ ಓದಿದ, ಹೊರಗಿನಿಂದ ಬಾಗಿಲು ತೆಗೆದ. ನಾಯಕಿ ಹೊರಬಂದಳು. ಅಜ್ಜಿಯೂ ಅವಳೂ ಗುಡ್ಡ ಇಳಿದರು. ಮೊಮ್ಮಕ್ಕಳು ಓಡಿ ಬಂದು ತಬ್ಬಿಕೊಂಡಾಗ ಅಮ್ಮ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಬ್ಬಾ, ಅಂತೂ ಎಲ್ಲ ಸರಿಹೋಯ್ತಲ್ಲ," ಎಂದು ಬೀಗ ರಿಪೇರಿಯವನು ಹಲ್ಲುಕಿರಿದ.

ಅಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ. "ಎಂಥ ಕೆಲಸಗಾರ ನೋಡಮ್ಮ," ಎಂದು ಸೊಸೆಗೆ ಹೇಳಿದರು. "ಕರೆದ ತಕ್ಷಣ ಬಂದ. ನಮ್ಮ ಹಿತ್ತಲ ಬಾಗಿಲಿನ ಬೀಗ ಕೆಟ್ಟು ವರ್ಷವಾಯ್ತು. ಆ ಸಂತೆಬೀದಿಯೋನೇ ಬರ್ತಾನಾ, ಒಂದ್ಮಾತು ಕೇಳು."