ಮೊಲದ ಮನೆಗೆ ಬೇಟೆನಾಯಿಯ ಸಂಬಂಧ

ನಿವೃತ್ತನಾಗಿ ಮನೆಯಲ್ಲಿ ಕೂತ ಮೊದಲ ವಾರದಲ್ಲೇ ನನಗೆ ತಿಳಿದ ಸಂಗತಿಯೆಂದರೆ, ಮನೆಯ ಯಜಮಾನಿಕೆ ಒಂದು ಮೊಲದ ಕೈಯಲ್ಲಿದೆ ಎಂಬುದು. ಮೊಲ ಬಂದು ಆರು ವರ್ಷವಾಗಿತ್ತು. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿಯ ನಕ್ಷೆ ವಿಭಾಗಕ್ಕೆ ಹೊರಟು ಸಂಜೆ ಆರೂವರೆಗೆ ಮರಳುವವನಿಗೆ ಹಗಲಿನ ರಾಜಕಾರಣ ಹೇಗೆ ತಿಳಿಯಬೇಕು? ಚಿಮಾ ಎಂಬ ಹೆಸರಿನ, ಎರಡೂವರೆ ಕಿಲೋ ತೂಕದ, ಒಂದು ಕಿವಿ ಮಾತ್ರ ಕಂದಾಗಿರುವ ಆ ಬಿಳಿ ಮೊಲ ಹತ್ತರಿಂದ ನಾಲ್ಕರವರೆಗೆ ನನ್ನ ಆರಾಮಕುರ್ಚಿಯಲ್ಲಿ ಮಲಗುತ್ತದೆ. ಹತ್ತಿರ ಹೋದರೆ ಹಿಂಗಾಲಿನಿಂದ 'ಧಪ್' ಎಂದು ಕುರ್ಚಿಗೆ ಒದೆಯುತ್ತದೆ.

"ಆಕಿ ಮಲಗ್ಯಾಳ. ನೀವು ಮೋಡಾದ ಮ್ಯಾಲೆ ಕೂಡ್ರಿ," ಎನ್ನುತ್ತಾಳೆ ನನ್ನ ಹೆಂಡತಿ ವೃಂದಾ, ಮೂಲೆಯ ಬೆತ್ತದ ಸ್ಟೂಲು ತೋರಿಸಿ.

ಕಚೇರಿಯಲ್ಲಿ ನಾನು ಒಳಗೆ ಬಂದರೆ ಜವಾನ ಸಾವಂತ ಸ್ಟೂಲಿನಿಂದ ಅರ್ಧವಾದರೂ ಏಳುತ್ತಿದ್ದ. (ಪೂರ್ತಿ ಎದ್ದದ್ದನ್ನು ನಾನು ನೋಡಿಲ್ಲ.) ಮನೆಯಲ್ಲಿ ಅಷ್ಟೂ ಇಲ್ಲ. ನಾನು ಹೊರಗೆ ಹೋದದ್ದು, ಒಳಗೆ ಬಂದದ್ದು ಯಾರ ಗಮನಕ್ಕೂ ಬಾರದೆ ನಾಲ್ಕು ತಿಂಗಳು ಕಳೆಯಿತು. ಐದನೆಯ ತಿಂಗಳು ನಾನು ಜತ್ತಿಗೆ, ಹಳೆಯ ಗೆಳೆಯ ನಾಮದೇವ ಖೋತನ ಮನೆಗೆ ಊಟಕ್ಕೆ ಹೋದೆ. ಬರುವಾಗ ಕೈಯಲ್ಲಿ ಒಂದು ಬಿದಿರಿನ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಒಂದು ನಾಯಿಮರಿ ಇತ್ತು.

ನಾಮದೇವನ ಮನೆಯವರು ಮೂರು ತಲೆಮಾರಿನಿಂದ ಕಾರವಾನಿ ನಾಯಿ ಸಾಕುವವರು. ಉದ್ದ ಮೂತಿ, ಕಡ್ಡಿಯಂಥ ಕಾಲು, ಬೆನ್ನಿಗಂಟಿದ ಹೊಟ್ಟೆ. ನಿಮ್ಮ ಕಡೆ ಇದನ್ನೇ ಮುಧೋಳ ನಾಯಿ ಎನ್ನುತ್ತೀರಿ. ಮೂರು ತಿಂಗಳ ಆ ಮರಿ ನಾನು ಅಂಗಳಕ್ಕೆ ಕಾಲಿಟ್ಟೊಡನೆ ನಾಲ್ಕೂ ಕಾಲ ಮೇಲೆ ಎದ್ದು ನಿಂತಿತ್ತು. ಕೈತೊಳೆಯಲು ಹೋದರೆ ಹಿಂದೆ ಬಂತು. ಉಣ್ಣಲು ಕೂತರೆ ಎದುರಿಗೆ ಕೂತಿತು. ಇಂಥ ಸನ್ಮಾನ ನನಗೆ ಬೀಳ್ಕೊಡುಗೆಯ ದಿನವೂ ಆಗಿರಲಿಲ್ಲ. ತಂದುಬಿಟ್ಟೆ. ಖಂಡೂ ಎಂದು ಹೆಸರಿಟ್ಟೆ.

ಕಾರವಾನಿ ನಾಯಿಯನ್ನು ನಮ್ಮ ಸೀಮೆಯ ಜನ ಯಾವ ಕೆಲಸಕ್ಕೆ ಸಾಕುತ್ತಾರೆ ಎಂಬುದು ನಮ್ಮೂರು ಸಾಂಗಲಿಯ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ನನಗೆ ನೆನಪಾಯಿತು.

ವೃಂದಾಗೆ ತಕ್ಷಣವೇ ನೆನಪಾಯಿತು.

"ಇದು ಮೊಲಾ ಹಿಡಿಯೋ ನಾಯಿ," ಎಂದಳು, ಬುಟ್ಟಿಯ ಮುಚ್ಚಳ ತೆಗೆದವಳೇ.

"ದೊಡ್ಡದಾದ ಮ್ಯಾಲೆ ಹಿಡೀತಾವ."

"ಅಲ್ಲೀತನಕ ಚಿಮಾ ಕಾಯ್ಕೋತ ಕೂಡಬೇಕೇನು?"

"ಹಂಗಲ್ಲ. ಮರಿ ಇದ್ದಾಗಿಂದ ಕೂಡಿ ಬೆಳದ್ರ ಗೆಳೆತನ ಆಗ್ತದ."

"ಇಡೀ ಜಿಲ್ಲಾದಾಗ ನಿಮಗ ಇದೊಂದ ಮನಿತನ ಸಿಕ್ತೇನ್ರೀ?"

'ಮನಿತನ' ಎಂಬ ಮಾತು ಅವಳ ಬಾಯಿಂದ ಸುಮ್ಮನೆ ಬಂದದ್ದಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವೃಂದಾ ಪೋಂಕ್ಷೆ ವಧೂವರ ಸೂಚಕ ಕೇಂದ್ರ ನಡೆಯುತ್ತಿದೆ. ಮುನ್ನೂರ ಹದಿನಾರು ಮದುವೆಗಳಾಗಿವೆ. ಅವುಗಳಲ್ಲಿ ಮುರಿದವು ಒಂಬತ್ತು. ಆ ಒಂಬತ್ತೂ ಹಿರಿಯರು ಅವಸರ ಮಾಡಿದ್ದರಿಂದಲೇ ಮುರಿದವು ಎಂಬುದು ಅವಳ ಖಚಿತ ಅಭಿಪ್ರಾಯ.

ನಾಯಿಯನ್ನು ಹೊರಗಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಹುಡುಗನ ಕಡೆಯವರನ್ನು ಬಾಗಿಲಿಂದ ಕಳಿಸುವ ಪದ್ಧತಿ ಕೇಂದ್ರದಲ್ಲಿಲ್ಲ. ನಾಮದೇವ ಟೆಂಪೋದಲ್ಲಿ ಒಣದ್ರಾಕ್ಷಿ ತೆಗೆದುಕೊಂಡು ಸಾಂಗಲಿ ಪೇಟೆಗೆ ಬರುವುದು ಅಂದಿನಿಂದ ಮೂರನೆಯ ಐತವಾರ. ಅಷ್ಟರೊಳಗೆ ಕೇಂದ್ರದ ಕ್ರಮದಂತೆ ಎಲ್ಲ ಹಂತಗಳೂ ಮುಗಿಯಬೇಕು. ಚಿಮಾಳ ಒಪ್ಪಿಗೆ ಸಿಕ್ಕರೆ ಖಂಡೂ ಇರುತ್ತಾನೆ. ಸಿಗದಿದ್ದರೆ ಬುಟ್ಟಿಯಲ್ಲಿ ಜತ್ತಿಗೆ. ನಾಮದೇವನಿಗೂ ಫೋನಿನಲ್ಲಿ ಇದನ್ನು ತಿಳಿಸಲಾಯಿತು.

"ಮೊಲದ ಒಪ್ಪಿಗಿ ನಿನಗ ಹ್ಯಾಂಗ ತಿಳೀತದ?"

"ಬಾಯಿ ಬಿಡದ ಎಷ್ಟೋ ಹುಡುಗ್ಯಾರ ಒಪ್ಪಿಗಿ ನನಗ ತಿಳದದ."

ಮೊದಲ ಹಂತ ಮಾಹಿತಿಪತ್ರ. ಸೋಮವಾರ ಬೆಳಿಗ್ಗೆ ನನ್ನನ್ನು ಮುಂದಿನ ಕೋಣೆಗೆ ಕರೆದು, ಮರದ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಹಾಕಿಕೊಂಡಳು. ಕೇಂದ್ರದ ಕಡತಗಳನ್ನು ನೋಡಿಕೊಳ್ಳುವ ಪ್ರಮಿಳಾತಾಯಿ ಗುರವ ಪಕ್ಕದಲ್ಲಿದ್ದರು. ಹೆಣ್ಣಿನ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಇರಲೇಬೇಕು ಎಂಬುದು ನಿಯಮ.

"ಎತ್ತರ?"

"ಮೊಣಕಾಲ ಮಟ್ಟ. ಇನ್ನೂ ಬೆಳೀತಾನ."

"ಆಹಾರ?"

"ಎಲ್ಲಾ ತಿಂತಾನ."

ಇಬ್ಬರೂ ತಲೆಯೆತ್ತಿ ನೋಡಿದರು.

"ಅಂದ್ರ, ಹಾಲು. ಭಾಕರಿ," ಎಂದೆ.

"ಚಟ?"

"ಚಪ್ಪಲಿ ಕಡೀತಾನ. ಅದೂ ನನ್ನವು ಅಷ್ಟ."

"ಮನಿತನದ ಕಸುಬು?"

ನಾನು ಕಿಟಕಿಯ ಹೊರಗೆ ನೋಡಿದೆ.

"ಮನಿತನದ ಕಸುಬು ಕೇಳಿದೆ, ರೀ."

"ಬೇಟೆ."

"ಯಾತರ ಬೇಟೆ?"

"ಹೊಲದಾಗಿಂದು. ಏನಾದ್ರೂ ಅಡ್ಡಾಡತಿರ್ತಾವಲ್ಲ..."

"ಮೊಲಾ ಅಂತ ಬರೀಲೇನು?"

"ಬರಿ," ಎಂದೆ.

ಪ್ರಮಿಳಾತಾಯಿ ಪೆನ್ನು ಕೆಳಗಿಟ್ಟು, "ಪೋಂಕ್ಷೆ ಕಾಕಾ, ನೀವು ಮುಚ್ಚಿಡಲಿಲ್ಲಲ್ಲ, ಅದೊಂದು ನಿಮ್ಮ ಒಳ್ಳೆ ಗುಣ ನೋಡ್ರಿ," ಎಂದು ಸಮಾಧಾನ ಹೇಳಿದರು. ಮುಂದಿನ ಗುಣಗಳ ಹುಡುಕಾಟಕ್ಕೆ ಅವರು ಇಳಿಯಲಿಲ್ಲ.

ನನಗೂ ಪದ್ಧತಿ ಇಲ್ಲದಿಲ್ಲ. ಅದೇ ದಿನ ಪಶುವೈದ್ಯರನ್ನು ಕಂಡು, ಅವರು ಹೇಳಿದ್ದನ್ನು ಕಾಗದದ ಮೇಲೆ ಐದು ಅಂಶಗಳಾಗಿ ಬರೆದುಕೊಂಡು ಬಂದೆ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಒಂದರ ಹಾಸಿಗೆಯ ವಾಸನೆ ಇನ್ನೊಂದಕ್ಕೆ ಸಿಗಲಿ. ಆಮೇಲೆ ಜಾಲರಿಯ ಆಚೆ-ಈಚೆ ನಿಲ್ಲಿಸಿ. ಆಮೇಲೆ ನಾಯಿಗೆ ಹಗ್ಗ ಕಟ್ಟಿ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಿ. ಅವೆರಡನ್ನೇ ಬಿಟ್ಟು ಮಾತ್ರ ಎಲ್ಲಿಗೂ ಹೋಗಬೇಡಿ.

ವೃಂದಾ ಓದಿ ಕಾಗದವನ್ನು ಹಿಂದಕ್ಕೆ ಕೊಟ್ಟಳು. "ಇದೆಲ್ಲಾ ನಾ ದಿನಾ ಮಾಡೋದ. ಡಾಕ್ಟರು ಹೊಸಾದೇನು ಹೇಳ್ಯಾರ?"

"ಐದನೇದ್ದು ನೋಡು. ಎರಡನ್ನೇ ಬಿಡಬಾರದಂತ."

"ಮೂರನೇ ಭೇಟಿಯೊಳಗ ಹತ್ತು ಮಿನಿಟು ಇಬ್ಬರನ್ನೇ ಬಿಡ್ಲಿಲ್ಲಂದ್ರ ಖರೇ ಸ್ವಭಾವ ತಿಳಿಯೂದಿಲ್ಲ. ನಾ ಬಾಗಿಲಾ ಅರ್ಧಾ ತೆಗದು ಈಚೆ ಕೋಣ್ಯಾಗ ಕೂತಿರ್ತೀನಿ. ಕಣ್ಣು ಆ ಕಡೆನೇ ಇರ್ತದ. ಕೂತದ್ದು ಗೊತ್ತಾಗಬಾರದು, ಅಷ್ಟ."

"ನಾನೂ ಕೂಡ್ತೀನಿ."

"ನೀವು ಬ್ಯಾಡ. ನಿಮ್ಮಂಥಾ ಹಿರ್ಯಾರು ಪ್ರತಿ ಸಂಬಂಧದಾಗೂ ಒಬ್ಬರು ಇರ್ತಾರ."

ವಾಸನೆಯ ಹಂತ ಸುಗಮವಾಗಿಯೇ ನಡೆಯಿತು. ಚಿಮಾಳ ಟವೆಲನ್ನು ಖಂಡೂಗೆ ಕೊಟ್ಟರೆ ಅವನು ಮೂಸಿ ಮೂಸಿ, ಮೂತಿಯಿಟ್ಟು ಮಲಗಿಬಿಟ್ಟ. ಖಂಡೂನ ಗೋಣಿತಾಟನ್ನು ನಡುಮನೆಯ ಮೂಲೆಯಲ್ಲಿದ್ದ ಚಿಮಾಳ ಗೂಡಿನಲ್ಲಿಟ್ಟರೆ ಅವಳು ಅರ್ಧ ಗಂಟೆಯಲ್ಲಿ ಅದನ್ನು ಚಿಂದಿ ಮಾಡಿದಳು. ಸಂಬಂಧ ಮುರಿಯಿತೆಂದೇ ನಾನು ಎಣಿಸಿದೆ. ವೃಂದಾ ಮಾತ್ರ, ಚಿಂದಿಯನ್ನು ಅವಳು ಮೂಲೆಗೆ ಎಳೆದು ಹಾಸಿಕೊಳ್ಳುವುದನ್ನು ನೋಡಿ, ಕಡತದಲ್ಲಿ 'ಹುಡುಗಿಯ ಕಡೆಯಿಂದ ಆಸಕ್ತಿ ಇದೆ' ಎಂದು ಬರೆದಳು.

ಜಾಲರಿಯ ಹಂತ ಐದು ದಿನ. ನಡುಮನೆಗೂ ಹಿತ್ತಲ ಕಡೆಯ ಗ್ಯಾಲರಿಗೂ (ಬಾಲ್ಕನಿಗೆ ನಮ್ಮ ಕಡೆ ಹೆಸರು ಅದೇ) ನಡುವೆ ಕಬ್ಬಿಣದ ಜಾಲರಿ ಬಾಗಿಲಿದೆ. ಆಚೆ ಖಂಡೂ, ಈಚೆ ಚಿಮಾ. ಮೊದಲ ದಿನ ಖಂಡೂ ಒಂದು ಕಾಲು ಮೇಲೆತ್ತಿ ಕಲ್ಲಿನ ಹಾಗೆ ನಿಂತ. ಕಣ್ಣು ಮಿಟುಕಿಸಲಿಲ್ಲ. ಮೂರು ತಲೆಮಾರಿನ ಕಸುಬು ಅವನ ಬಾಲದ ತುದಿಯಲ್ಲಿ ಸಣ್ಣಗೆ ನಡುಗುತ್ತಿತ್ತು. ನಾನು ದೇವರ ಮನೆಗೆ ಹೋಗಿಬಂದೆ. ಎರಡನೆಯ ದಿನ ಚಿಮಾ ಜಾಲರಿಗೆ ಮೂಗು ತಾಗಿಸಿ, ಅವನನ್ನು ಪರೀಕ್ಷಿಸಿ, ಬೆನ್ನು ತಿರುಗಿಸಿ ಮೆಂತ್ಯಸೊಪ್ಪು ತಿನ್ನತೊಡಗಿದಳು. ಅಂಥ ಅವಮಾನ ಅವನ ವಂಶದಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ. ಐದನೆಯ ದಿನ ಅವನು ಕೂತು ಆಕಳಿಸಿದ.

ಈ ದಿನಗಳಲ್ಲಿ ನಾನು ಹಾಲು ತರಲು ಹೋಗಿ ಬಂದರೆ ಖಂಡೂ ಗ್ಯಾಲರಿಯಲ್ಲಿ ಎದ್ದು ನಿಲ್ಲುತ್ತಿದ್ದ. ಹಾಲಿನ ನೆಪ ಸಾಲದೆ ನಾನು ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ಬರತೊಡಗಿದೆ. ಐತವಾರ ಬುಟ್ಟಿ ತುಂಬಿ ಹೋದರೆ ಏನು ಗತಿ ಎಂದು ಮೆಟ್ಟಿಲ ಮೇಲೆ ಯೋಚಿಸುತ್ತಿದ್ದೆ. ಅರವತ್ತರ ಗಂಡಸು ನಾಯಿಮರಿಗಾಗಿ ಹೀಗೆ ಹಲುಬಿದ ಎಂದು ಯಾರಿಗೂ ಹೇಳಬೇಡಿ.

ಮೂರನೆಯ ಭೇಟಿ ಮಂಗಳವಾರ ಸಂಜೆ ಐದಕ್ಕೆ. ಹೆಣ್ಣು ನೋಡುವ ದಿನ ಅವಲಕ್ಕಿ ಒಗ್ಗರಣೆ ಇರಲೇಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವಲಕ್ಕಿಗೆ ಉಳ್ಳಾಗಡ್ಡಿ ಬೀಳಲಿಲ್ಲ, ಏಕೆಂದರೆ ಅದು ನಾಯಿಗೂ ಆಗದು, ಮೊಲಕ್ಕೂ ಆಗದು. ನಡುಮನೆಯ ಟೀಪಾಯಿಯ ಮೇಲೆ ಶಾಸ್ತ್ರಕ್ಕೆ ಒಂದು ತಟ್ಟೆ. ಟೀಪಾಯಿಯ ಕಾಲಿಗೆ ಖಂಡೂನ ಹಗ್ಗ. ಚಾಪೆಯ ಮೇಲೆ ಚಿಮಾ. ಮುಂದಿನ ಕೋಣೆಯಲ್ಲಿ, ಅರ್ಧ ತೆರೆದ ಬಾಗಿಲ ಹಿಂದೆ ವೃಂದಾ ಮತ್ತು ಪ್ರಮಿಳಾತಾಯಿ. ನನ್ನನ್ನು ಕೃಷ್ಣಾ ನದಿಯ ದಂಡೆಗೆ ವಾಯುಸೇವನೆಗೆಂದು ಕಳಿಸಲಾಗಿತ್ತು.

ನಾನು ಮೆಟ್ಟಿಲಿಳಿದು, ಹಿತ್ತಲ ಕಡೆಯಿಂದ ಹತ್ತಿ, ಗ್ಯಾಲರಿಗೆ ಬಂದು, ಜಾಲರಿ ಬಾಗಿಲ ಪರದೆಯ ಹಿಂದೆ ನಿಂತೆ. ಕೈಗೆ ತೋಟದ ದಪ್ಪ ಕೈಗವಸು ಹಾಕಿದ್ದೆ. ಹೆಗಲ ಮೇಲೆ ಕಂಬಳಿ. ಎಂಥ ಪ್ರಸಂಗ ಬಂದರೂ ಕಂಬಳಿ ಎಸೆದು ನಾಯಿಯನ್ನು ಹಿಡಿಯುವುದೆಂಬುದು ಯೋಜನೆ. ಚಿಮಾಳ ಮೈಮೇಲೆ ಒಂದು ಗೀರು ಬಿದ್ದರೂ ನಾಯಿಯ ಋಣ ತೀರಿತು ಎಂಬ ಭಯವೇ ನನ್ನನ್ನು ಅಲ್ಲಿಗೆ ತಂದದ್ದು.

ಮೊದಲ ನಾಲ್ಕು ನಿಮಿಷ ಏನೂ ಸದ್ದಿಲ್ಲ. ಪರದೆ ದಪ್ಪ. ಏನೂ ಕಾಣುವುದಿಲ್ಲ. ಐದನೆಯ ನಿಮಿಷಕ್ಕೆ ಏನೋ ನೆಕ್ಕುವ ಸದ್ದು. ನಾನು ಪರದೆಗೆ ಇನ್ನೂ ಒತ್ತಿ ನಿಂತೆ.

'ಧಪ್!'

ಮುಗಿಯಿತು, ಕತ್ತು ಹಿಡಿದ, ಎಂದುಕೊಂಡೆ. "ಖಂಡೂ, ಬಿಡೋ!" ಎಂದು ಅರಚಿ ಜಾಲರಿ ಬಾಗಿಲು ತಳ್ಳಿ ಒಳಕ್ಕೆ ಹಾರಿದೆ. ಕಂಬಳಿ ಎಸೆದೆ. ಅದು ಪರದೆಗೆ ಸಿಕ್ಕಿ, ಪರದೆ ಕೋಲಿನ ಸಮೇತ ನನ್ನ ತಲೆಯ ಮೇಲೆ ಬಿತ್ತು. ಬೆದರಿದ ಖಂಡೂ ಓಡಿದ. ಅವನ ಹಿಂದೆ ಟೀಪಾಯಿ ಓಡಿತು. ಟೀಪಾಯಿಗೆ ಎಡವಿ ನಾನು ಅಂಗಾತ ಬಿದ್ದೆ. ಅವಲಕ್ಕಿ ನನ್ನ ಮೇಲೆ ಬಿತ್ತು. ಕಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದಂತಾಯಿತು: ಚಿಮಾ ಕಚ್ಚಿದ್ದಳು.

ಪರದೆ ಸರಿಸಿದಾಗ ಕಂಡ ದೃಶ್ಯ ಇದು. ಚಿಮಾಳ ಮೈಮೇಲೆ ಗೀರಿಲ್ಲ. ಅವಳ ಕಂದು ಕಿವಿ ಮಾತ್ರ ಒದ್ದೆಯಾಗಿತ್ತು. ಖಂಡೂ ಅವಳ ಗೂಡಿನೊಳಗೆ, ಚಿಂದಿ ಗೋಣಿಯ ಮೇಲೆ, ಮೂತಿ ಗೋಡೆಗೆ ಮಾಡಿ ನಡುಗುತ್ತ ಕೂತಿದ್ದ. ಗೂಡಿನ ಬಾಗಿಲಿಗೆ ಅಡ್ಡವಾಗಿ ನಿಂತ ಚಿಮಾ ನನ್ನತ್ತ ನೋಡಿ ಇನ್ನೊಮ್ಮೆ ನೆಲಕ್ಕೆ ಒದೆದಳು.

"ಎಷ್ಟು ಚಂದ ಕಿವಿ ನೆಕ್ಕಿಸ್ಕೋತ ಕೂತಿದ್ಲು ನನ್ನ ಕೂಸು!" ಎಂದಳು ವೃಂದಾ, ಬಾಗಿಲಲ್ಲಿ ನಿಂತು. "ಪರದೆ ಹಿಂದ ನಿಮ್ಮ ವಾಸನಿ ಬಂತು ನೋಡ್ರಿ, ಆಗ ಒದ್ದಾಳ."

"ನಾ ಅಂದ್ಕೊಂಡೆ..."

"ನದಿ ದಂಡ್ಯಾಗ ಗಾಳಿ ಹ್ಯಾಂಗಿತ್ತು?"

ಪ್ರಮಿಳಾತಾಯಿ ನನ್ನ ತಲೆಯ ಮೇಲಿನ ಅವಲಕ್ಕಿಯನ್ನು ಒಂದಿಷ್ಟು ಕೊಡವಿ, ಬೆರಳಿಗೆ ಅರಿಶಿನ ಹಚ್ಚಿದರು. "ನೀವು ಎದ್ದ ಕೂಡ್ರಿ ಕಾಕಾ. ಇಷ್ಟು ವರ್ಷದಾಗ ಹುಡುಗನ ಅಪ್ಪ ಹಿಂಗ ಬಂದದ್ದು ನಾ ನೋಡಿರಲಿಲ್ಲ."

ವೃಂದಾ ಫಲಿತಾಂಶವನ್ನು ಆಗಲೇ ಹೇಳಲಿಲ್ಲ. ಬಾಯಿಮಾತಿನ ಉತ್ತರದಿಂದ ಜಗಳವಾಗುತ್ತದೆ, ಎಲ್ಲ ಉತ್ತರಗಳೂ ಅಂಚೆಯಲ್ಲೇ ಹೋಗಬೇಕು ಎಂಬುದು ಕೇಂದ್ರದ ನಿಯಮ. ಮೂರು ದಿನ ಒಂದೇ ಮನೆಯಲ್ಲಿ ಉಂಡೆವು. ಒಂದೇ ಪತ್ರಿಕೆ ಓದಿದೆವು. ನಾನು ಚಿಮಾಳ ಮುಖ ನೋಡಿದೆ. ಮೊಲದ ಮುಖದಿಂದ ಏನೂ ತಿಳಿಯುವುದಿಲ್ಲ. 'ಜಾತಕ ಕೂಡಿಬರುವುದಿಲ್ಲ' ಎಂದು ಬರೆದಿದ್ದರೆ ಅದು ಬೇಡ ಎಂಬುದರ ಸಭ್ಯ ರೂಪ ಎಂದು ನನಗೆ ಗೊತ್ತಿತ್ತು. ಆ ಎರಡು ಪದ ಕಲ್ಪಿಸಿಕೊಂಡಾಗಲೆಲ್ಲ ಗ್ಯಾಲರಿಗೆ ಹೋಗಿ ಖಂಡೂನ ತಲೆ ಸವರುತ್ತಿದ್ದೆ.

ಶನಿವಾರ ಮಧ್ಯಾಹ್ನ ನಮ್ಮ ಮನೆಯಿಂದ ಹೊರಟ ಲಕೋಟೆ ನಮ್ಮ ಮನೆಗೇ ಬಂದು ಮುಟ್ಟಿತು. ನಿಂತಲ್ಲೇ ಒಡೆದೆ.

'ಹುಡುಗ: ಸಾಧು ಸ್ವಭಾವ. ಹುಡುಗಿಯ ಮಾತು ಮೀರುವುದಿಲ್ಲ. ಒಪ್ಪಿಗೆ ಇದೆ. ಇಂದಿನಿಂದ ನಮ್ಮಲ್ಲಿಯೇ ಇರತಕ್ಕದ್ದು. ಹಗಲು ಆರಾಮಕುರ್ಚಿಯಲ್ಲಿ ಇಬ್ಬರಿಗೂ ಸ್ಥಳವಿದೆ. ಹುಡುಗನ ಮನೆಯವರು: ತಂದೆಯ ಸ್ವಭಾವ ಅವಸರದ್ದು. ಬಾಗಿಲ ಹಿಂದೆ ನಿಂತು ಕೇಳುವ ಅಭ್ಯಾಸ. ಹುಡುಗಿಗೆ, ಈಗ ಹುಡುಗನಿಗೂ, ಭಯವಿದೆ. ತಂದೆಯ ವಿಚಾರವಾಗಿ ಜಾತಕ ಸದ್ಯಕ್ಕೆ ಕೂಡಿಬರುವುದಿಲ್ಲ. ಎಲ್ಲ ಹಂತಗಳನ್ನೂ ಮೊದಲಿನಿಂದ ಪಾಲಿಸುವುದು.'

ಐತವಾರ ಹತ್ತು ಗಂಟೆಗೆ ನಾಮದೇವ ಬಂದ. ಹೆಗಲ ಮೇಲೆ ಅಂಥದ್ದೇ ಇನ್ನೊಂದು ಬಿದಿರಿನ ಬುಟ್ಟಿ. ಮುಂದಿನ ಕೋಣೆ ದಾಟಿ ನಡುಮನೆಗೆ ಬಂದು ನಿಂತ. ಆರಾಮಕುರ್ಚಿಯಲ್ಲಿ ಅವನ ಮನೆತನದ ನಾಯಿ ಸುರುಳಿ ಸುತ್ತಿ ಮಲಗಿತ್ತು. ಅದರ ಬೆನ್ನ ಮೇಲೆ ಗದ್ದವಿಟ್ಟು ಮೊಲ ಮಲಗಿತ್ತು. ಜಾಲರಿಯ ಆಚೆ ಗ್ಯಾಲರಿಯಲ್ಲಿ, ಮೋಡಾದ ಮೇಲೆ, ಯಾರನ್ನೂ ನೇರವಾಗಿ ದಿಟ್ಟಿಸದಂತೆ ಓರೆಯಾಗಿ ಕೂತು ನಾನು ಚಹಾ ಕುಡಿಯುತ್ತಿದ್ದೆ. ನನ್ನ ಹಳೆಯ ಬನಿಯನ್ ಗೂಡಿನೊಳಗೆ ಮೂಸುವುದಕ್ಕೆ ಬಿದ್ದಿತ್ತು.

ನಾಮದೇವ ಕುರ್ಚಿಯನ್ನು ನೋಡಿದ. ಜಾಲರಿಯನ್ನು ನೋಡಿದ. ಬುಟ್ಟಿ ಕೆಳಗಿಟ್ಟ.

"ಏನ್ ಠರಾಯಿಸಿದ್ರಿ ವೈನಿ? ಯಾರನ್ನ ಒಯ್ಯೂದು?"

ವೃಂದಾ ಜಾಲರಿಯಾಚೆ ಕೂತ ನನ್ನತ್ತ ಗದ್ದ ಎತ್ತಿ ತೋರಿಸಿದಳು.

"ಬುಟ್ಟಿ ಸಣ್ಣದಾತು, ಭಾವೋಜಿ. ಇನ್ನ ಹದಿನೈದು ದಿನ ನೋಡ್ತೀನಿ. ಮುಂದಿನ ಸಲ ಬರೂವಾಗ ಟೆಂಪೋದಾಗ ಒಂದೀಟು ಜಾಗಾ ಇಟ್ಟ ಬರ್ರಿ."

ನಾಮದೇವ ಜಾಲರಿಯ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು, ನನ್ನನ್ನು ಉದ್ದಕ್ಕೂ ಅಗಲಕ್ಕೂ ಒಮ್ಮೆ ಕಣ್ಣಳತೆ ಮಾಡಿಕೊಂಡ.