ಗೌರಿಯ ರೈಲಿಗೆ ಬೆಲ್ಲಿನ ಗುಂಡಿ

ಸ್ವಿಚ್ ಒತ್ತುವುದಕ್ಕೆ ವಿದ್ಯೆಯೇನೂ ಬೇಕಿಲ್ಲ ಎಂದು ಐವತ್ತು ದಾಟುವವರೆಗೂ ನಾನು ನಂಬಿದ್ದೆ. ಒತ್ತಿದರೆ ದೀಪ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಹತ್ತದಿದ್ದರೆ ಬಾಲ್ಕನಿಗೆ ಹೋಗಿ ಎದುರಿನ ಬಿಲ್ಡಿಂಗಿನಲ್ಲೂ ಕರೆಂಟು ಹೋಗಿದೆಯೇ ಎಂದು ನೋಡಬೇಕು. ಹೋಗಿದ್ದರೆ ಸಮಾಧಾನದಿಂದ ಒಳಗೆ ಬಂದು ಕೂರಬೇಕು. ನನ್ನ ವಿದ್ಯುತ್ ಜ್ಞಾನ ಇಷ್ಟೇ. ಆದರೆ ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನಾದ್ದರಿಂದ ಕೋಥರೂಡದ ನಮ್ಮ ಸೊಸೈಟಿಯ ಮರಾಠಿ ಮಂದಿಯೆಲ್ಲ ನನ್ನನ್ನು ಇಂಜಿನಿಯರ್ ಎಂದೇ ತಿಳಿದಿದ್ದಾರೆ. ನಾನಿರುವುದು ಖರೀದಿ ವಿಭಾಗದಲ್ಲಿ, ಅಂದರೆ ನನಗೆ ತಿಳಿಯದ ವಸ್ತುಗಳನ್ನು ನನಗೆ ತಿಳಿಯದವರಿಂದ ಕೊಳ್ಳುವುದೇ ನನ್ನ ಉದ್ಯೋಗ ಎಂದು ನಾನೂ ಬಿಡಿಸಿ ಹೇಳಲು ಹೋಗಿಲ್ಲ. ಲಿಫ್ಟು ಕೆಟ್ಟಾಗ ಕರೆಯುತ್ತಾರೆ. ಹೋಗಿ, ಬಾಗಿಲಿನ ಸಂದಿಯಲ್ಲಿ ಇಣುಕಿ, "ಹ್ಞೂಂ" ಎಂದು ತಲೆಯಾಡಿಸಿ ಬರುತ್ತೇನೆ. ಒಮ್ಮೊಮ್ಮೆ ಅಷ್ಟಕ್ಕೇ ಅದು ಸರಿಯಾಗಿಯೂ ಬಿಡುತ್ತದೆ.

ಇಂಥ ನನಗೆ ಹತ್ತಿರುವುದು ರೈಲಿನ ಹುಚ್ಚು. ನಿಜವಾದ ರೈಲಲ್ಲ, ಮೇಜಿನ ಮೇಲೆ ಓಡುವ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ರೈಲು. ಇದಕ್ಕೆಲ್ಲ ಮೂಲ ಗದಗ ಜಂಕ್ಷನ್. ಚಿಕ್ಕಂದಿನಲ್ಲಿ ನಮ್ಮ ಮನೆ ಸ್ಟೇಶನ್ನಿನ ಹಿಂದೆಯೇ ಇತ್ತು. ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಒಬ್ಬ ಪಾಯಿಂಟ್ಸ್‌ಮನ್ ನಿಂತಿರುತ್ತಿದ್ದ. ದೊಡ್ಡ ಕಬ್ಬಿಣದ ಹಿಡಿಯನ್ನು ಎರಡೂ ಕೈಯಿಂದ ಎಳೆದು, ಗಾಡಿಯ ಕೊನೆಯ ಡಬ್ಬಿ ದಾಟುವವರೆಗೂ ಅದರ ಮೇಲೆ ಮೈಭಾರ ಹಾಕಿಯೇ ಇರುತ್ತಿದ್ದ. ಅವನು ಕೈ ಬಿಟ್ಟರೆ ಹುಬ್ಬಳ್ಳಿಗೆ ಹೋಗಬೇಕಾದ ಗಾಡಿ ಸೊಲ್ಲಾಪುರಕ್ಕೆ ಹೋಗಿಬಿಡುತ್ತದೆಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಪ್ರಧಾನಮಂತ್ರಿಗೂ ಅಂಥ ಅಧಿಕಾರ ಇರಲಾರದು ಎಂದು ನನಗೆ ಖಾತ್ರಿಯಾಗಿತ್ತು. ಈಗ ನಮ್ಮ ಹಾಲಿನ ತುಂಬ ಮೇಜಿನ ಮೇಲೆ ಹಾಸಿರುವ ಪ್ಲೈವುಡ್ ಹಲಗೆಯಲ್ಲಿ ಅಂಥ ಮೂರು ಕವಲುಗಳಿವೆ, ಮೂರಕ್ಕೂ ನಾನೇ ಪಾಯಿಂಟ್ಸ್‌ಮನ್.

ನನ್ನ ಹೆಂಡತಿ ವಿಮಲಾ ಒಂದು ವರ್ಷ ಈ ಹಲಗೆಯನ್ನು ಸಹಿಸಿದಳು. ಸೋಫಾ ಮೂಲೆಗೆ ಸರಿದಾಗಲೂ ಸುಮ್ಮನಿದ್ದಳು. ಗಣಪತಿ ಹಬ್ಬ ಹತ್ತಿರ ಬಂದಾಗ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ಜೋಡಿ ಗೌರಿ ಎಲ್ಲೆ ಕೂಡಸ್ಬೇಕ್ರಿ ಈ ಸರ್ತಿ? ನಿಮ್ಮ ಇಂಜಿನ್ ಮ್ಯಾಲ?" ನನ್ನ ಬಾಯಿಂದ ಯೋಚಿಸದೆಯೇ ಉತ್ತರ ಬಂತು. ಇಬ್ಬರು ಗೌರಿಯರ ಮೂರ್ತಿಗಳೂ ಹಲಗೆಯ ನಡುವೆ ನಿಲ್ಲಲಿ, ರೈಲು ಅವರ ಸುತ್ತ ಪ್ರದಕ್ಷಿಣೆ ಹಾಕಲಿ. ಅರಿಶಿನ ಕುಂಕುಮಕ್ಕೆ ಬಂದ ಹೆಣ್ಣುಮಕ್ಕಳು ಸೋಫಾದಲ್ಲಿ ಕೂತಿರಲಿ. ತೆರೆದ ಗೂಡ್ಸ್ ಡಬ್ಬಿಯಲ್ಲಿ ಕುಂಕುಮದ ಬಟ್ಟಲಿಟ್ಟರೆ, ಅದು ಗೌರಿಯ ಎದುರಿನಿಂದ ಹೊರಟು, ಕವಲಿನಲ್ಲಿ ತಿರುಗಿ, ನೇರ ಸೋಫಾ ಸ್ಟೇಶನ್ನಿಗೆ ಬಂದು ನಿಲ್ಲುತ್ತದೆ! ವಿಮಲಾ ನಗು ತಡೆಯಲು ನೋಡಿದಳು, ಆಗಲಿಲ್ಲ. "ಆಗ್ಲಿ. ಹೆಣ್ಣಮಕ್ಕಳ ಮುಂದ ಮರ್ಯಾದಿಲೆ ಓಡಿದ್ರ ಹಾಲಿನ್ಯಾಗ ಇರ್ಲಿ. ಸೋಫಾದ ಕಡೆ ತಿರುಗಲಿಲ್ಲೋ, ಮರುದಿನಾನ ಲಾಫ್ಟಿಗೆ. ಆಮ್ಯಾಲ ಕುಂಯ್ ಅನ್ನಂಗಿಲ್ಲ" ಎಂದಳು. ನಮ್ಮ ಮನೆಯ ಲಾಫ್ಟಿಗೆ ಹತ್ತಿದ್ದು ಯಾವುದೂ ಈವರೆಗೆ ಇಳಿದಿಲ್ಲ. ನನ್ನ ಹಾರ್ಮೋನಿಯಂ, ವ್ಯಾಯಾಮದ ಸೈಕಲ್ಲು, ಹೋಮಿಯೋಪತಿ ಕಲಿಯಲೆಂದು ತಂದ ಪೆಟ್ಟಿಗೆ ಎಲ್ಲವೂ ಅಲ್ಲೇ ಇವೆ.

ಹೀಗೆ ಎಲ್ಲವೂ ಕವಲಿನ ಮೇಲೆ ನಿಂತಿತು. ಅದುವರೆಗೆ ನಾನು ಕವಲುಗಳನ್ನು ಬೆರಳಿನಿಂದಲೇ ಸರಿಸುತ್ತಿದ್ದೆ. ಗೌರಿಯರ ನಡುವೆ ಕೈ ತೂರಿಸಿ ಹಳಿ ಸರಿಸುವುದು ಶೋಭಿಸುವುದಿಲ್ಲ. ಅದಕ್ಕೆ ಕರೆಂಟಿನ ಯಂತ್ರ ತರಿಸಿದೆ. ವಿಷಯ ಸರಳ: ಒಂದೊಂದು ಕವಲಿಗೂ ಹಲಗೆಯ ಕೆಳಗೆ ತಾಮ್ರದ ತಂತಿ ಸುತ್ತಿದ ಎರಡು ಕಾಯಿಲ್. ಒಂದಕ್ಕೆ ಕರೆಂಟು ಕೊಟ್ಟರೆ ಕವಲಿನಲ್ಲಿ ಸರಿದಾಡುವ ಹಳಿಯ ನಾಲಿಗೆ ಆ ಕಡೆ ಹಾರುತ್ತದೆ, ಇನ್ನೊಂದಕ್ಕೆ ಕೊಟ್ಟರೆ ಈ ಕಡೆ. ನಡುವೆ ಒಂದು ಸ್ವಿಚ್ ಹಾಕಿದರೆ ಮುಗಿಯಿತು. ಮನೆಯ ದೀಪಕ್ಕೆ ಹಾಕುವ ಅಚ್ಚ ಬಿಳಿ ಸ್ವಿಚ್ ತಂದು ಹಾಕಿದೆ. ಒತ್ತಿದೆ. ಟಕ್! ನಾಲಿಗೆ ಹಾರಿತು. ಅಬ್ಬಾ, ಏನು ಸಂತೋಷ! ಗದಗಿನ ಪಾಯಿಂಟ್ಸ್‌ಮನ್ನನನ್ನು ನೆನೆದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಸ್ವಿಚ್ ಹಾಗೆಯೇ ಚಾಲೂ ಇತ್ತು. ಅಡಿಗೆಮನೆಯಿಂದ ವಿಮಲಾ, "ಏನೋ ಸುಟ್ಟ ವಾಸನಿ ಬರ್ಲಿಕ್ಹತ್ತದಲ್ರಿ!" ಎಂದು ಗ್ಯಾಸ್ ಆರಿಸಿ, ತವೆಯ ಮೇಲಿನ ರೊಟ್ಟಿಯನ್ನು ತಿರುಗಿಸಿ ನೋಡಿ, ಕುಕ್ಕರಿನ ಮುಚ್ಚಳವನ್ನೂ ಮೂಸಿ, ಕೊನೆಗೆ ವಾಸನೆಯ ಜಾಡು ಹಿಡಿದು ಹಾಲಿಗೆ ಬಂದಳು. ಈ ಕಾಯಿಲ್ಲಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಸಾಕಂತೆ. ಅದಕ್ಕಿಂತ ಹೆಚ್ಚಾದರೆ ಕಾದು, ಹೊಗೆಯಾಡಿ, ಸತ್ತೇ ಹೋಗುತ್ತದೆ. ಇದು ನನಗೆ ತಿಳಿದದ್ದು ಸತ್ತ ಮೇಲೆ.

ಮೂರು ಮಾದರಿ ನೋಡದೆ ಏನನ್ನೂ ಕೊಳ್ಳಬಾರದು ಎಂಬುದು ಖರೀದಿ ವಿಭಾಗದವರ ವೇದವಾಕ್ಯ. ಸುಟ್ಟ ಕಾಯಿಲ್ಲಿನ ಜಾಗಕ್ಕೆ ಹೊಸದನ್ನು ಹಾಕಿ, ಎರಡನೆಯ ಮಾದರಿಯಾಗಿ ವಿಮಾನದಲ್ಲಿರುವಂಥ ಉಕ್ಕಿನ ಕಡ್ಡಿಯ ಸ್ವಿಚ್ ತಂದೆ. ನೋಡಲು ಬಲು ಗಂಭೀರ, ಆದರೆ ಇಟ್ಟಲ್ಲೇ ನಿಲ್ಲುವ ಜಾತಿ. ಅದೂ ಕಾಯಿಲ್ ಸುಡುವುದೇ. ಮೂರನೆಯದು ಸ್ಪ್ರಿಂಗ್ ಇದ್ದದ್ದು, ಬೆರಳು ಬಿಟ್ಟೊಡನೆ ತಾನೇ ನಡುವೆ ಬಂದು ನಿಲ್ಲುತ್ತದೆ. ಇದೇ ಸೈ ಎಂದು ಕುಣಿದೆ. ವಿಮಲಾ ಒಮ್ಮೆ ನೋಡಿ, "ಹಬ್ಬದ ದಿನ ಎಲ್ಲಾರೂ ಕೈತುಂಬ ಬಳಿ ಹಾಕ್ಕೊಂಡು ಬಂದಿರ್ತಾರ. ಆ ಕಡ್ಡಿಗೆ ಬಳಿ ಸಿಕ್ಕೊಂಡ್ರ?" ಎಂದಳು. ಕಾರ್ಖಾನೆಯಲ್ಲಿ ನನ್ನ ಯಾವ ಮೇಲಧಿಕಾರಿಯೂ ಇಷ್ಟು ಬೇಗ ಒಂದು ಮಾಲನ್ನು ತಿರಸ್ಕರಿಸಿದ್ದಿಲ್ಲ.

ಬೇಸರದಿಂದ ಹಾಲು ತರಲು ಹೋಗಿ, ಮರಳಿ ಬಂದು ನಮ್ಮ ಮನೆಯ ಬೆಲ್ ಒತ್ತಿದಾಗ ನನಗೆ ಜ್ಞಾನೋದಯವಾಯಿತು. ಒತ್ತಿದರೆ ಹೊಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ! ಕಡ್ಡಿಯಿಲ್ಲ, ಬಳೆ ಸಿಕ್ಕುವ ಭಯವಿಲ್ಲ. ಖಾತ್ರಿ ಮಾಡಿಕೊಳ್ಳಲು ಮತ್ತೆ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಬಾಗಿಲು ತೆರೆದ ವಿಮಲಾಳ ಮುಖ ನೋಡಿದ ಮೇಲೆ ಸಂಶೋಧನೆ ನಿಲ್ಲಿಸಿದೆ. ಬುಧವಾರ ಪೇಟೆಯ ಎಲೆಕ್ಟ್ರಿಕ್ ಅಂಗಡಿಯವನ ಹತ್ತಿರ ಆರು ಬೆಲ್ ಗುಂಡಿ ಕೇಳಿದೆ, ಒಂದು ಕವಲಿಗೆ ಎರಡರಂತೆ. ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಸಹಾ? ಕಾಕಾ, ಘರಾಲಾ ದಾರಂ ಕಿತೀ ಆಹೇತ?" ಎಂದ. ಮನೆಗೆ ಬಾಗಿಲೆಷ್ಟು ಎಂಬ ಪ್ರಶ್ನೆಗೆ ಆಟಿಕೆ ರೈಲಿನ ಕತೆ ಹೇಳುವುದು ನನ್ನ ವಯಸ್ಸಿಗೆ ತಕ್ಕದ್ದಲ್ಲ. "ವಾಡಾ ಆಹೇ" ಎಂದೆ, ದೊಡ್ಡ ಹಳೇ ಬಂಗಲೆಯ ಯಜಮಾನನಂತೆ. ಅವನು ಎದ್ದು ನಿಂತು ಚಹಾ ತರಿಸಿದ. ಕುಡಿದೇ ಬಂದೆ.

ಇನ್ನು ತಂತಿ ಜೋಡಿಸುವ ಕೆಲಸ. ಮೇಜಿನ ಕೆಳಗೆ ಅಂಗಾತ ಮಲಗಿ, ಮೂಗಿನ ಬದಲು ಹಣೆಯ ಕಡೆ ಜಾರುವ ಕನ್ನಡಕ ಹಿಡಿದುಕೊಂಡು, ಕೆಂಪು ತಂತಿ ಎಡಕ್ಕೆ, ಹಸಿರು ಬಲಕ್ಕೆ ಎಂದು ಜಪಿಸುತ್ತ ಜೋಡಿಸಿದೆ. ಮೇಲೆ ವಿಮಲಾ ಗೌರಿಯರಿಗೆ ಸೀರೆ ಉಡಿಸುತ್ತಿದ್ದಳು. "ಹಲಗಿ ಅಲ್ಲಾಡಸಬ್ಯಾಡ್ರಿ, ನೆರಿಗಿ ಕೆಡ್ತಾವ" ಎಂಬ ಎಚ್ಚರಿಕೆ ಆಗಾಗ ಬರುತ್ತಿತ್ತು. ಎದ್ದು ಬಂದು ಒತ್ತಿದರೆ, ಮಲಗಿದವನ ಎಡ ನಿಂತವನ ಎಡವಲ್ಲ ಎಂಬುದು ಬಯಲಾಯಿತು. ಎಲ್ಲವೂ ಉಲ್ಟಾ! ಎಡದ ಗುಂಡಿಗೆ ರೈಲು ಬಲಕ್ಕೆ ಹೋಗುತ್ತಿತ್ತು. ಇಂಜಿನಿಯರ್ ಆಗಿದ್ದರೆ ಮತ್ತೆ ಕೆಳಗೆ ಮಲಗಿ ತಂತಿ ಬದಲಿಸುತ್ತಿದ್ದ. ನಾನು ಗುಂಡಿಗಳ ಪಟ್ಟಿಯನ್ನೇ ತಲೆಕೆಳಗಾಗಿ ತಿರುಗಿಸಿ ಇಟ್ಟುಬಿಟ್ಟೆ.

ರೈಲು ಓಡಿತು, ಕವಲಿನಲ್ಲಿ ತಿರುಗಿತು, ಸೋಫಾ ಸ್ಟೇಶನ್ನಿನಲ್ಲಿ ನಿಂತಿತು. ಸಂತೋಷದಿಂದ ನನಗೆ ಊಟ ಸೇರಲಿಲ್ಲ. ಆಗ ಹೊರಗೆ ನಮ್ಮ ಬೆಲ್ ಹೊಡೆಯಿತು. ಹೊಡೆಯುತ್ತಲೇ ಇತ್ತು. ಅದು ಎರಡನೆಯ ಮಹಡಿಯ ಜೋಗಳೇಕರ ಕಾಕು, ಸೊಸೈಟಿಗೆಲ್ಲ ಚಿಕ್ಕಮ್ಮ. ಬಾಗಿಲು ತೆರೆಯುವವರೆಗೆ ಬೆಲ್ಲಿನ ಮೇಲಿನ ಬೆರಳು ತೆಗೆಯದ ಹೆಂಗಸು. ಒಮ್ಮೆ ಕೇಳಿದ್ದಕ್ಕೆ, "ಬೆರಳು ತೆಗೆದರೆ ನಾನು ಹೊರಟುಹೋದೆ ಎಂದು ನೀವು ತಿಳಿಯುವುದಿಲ್ಲವೇ?" ಎಂದು ಮರಾಠಿಯಲ್ಲಿ ನನ್ನ ಬಾಯಿ ಮುಚ್ಚಿಸಿದ್ದರು. ನಾಳೆ ಅರಿಶಿನ ಕುಂಕುಮಕ್ಕೆ ಮೊದಲು ಬರುವವರು ಅವರೇ. ಗುಂಡಿ ಕಂಡರೆ ಒತ್ತದೆ ಬಿಡುವವರಲ್ಲ. ಬೆಲ್ಲಿನ ಗುಂಡಿ ಹಾಕಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಅವರು ಬಂದು ಹೋದ ಮೇಲೆ, "ಯಾರೂ ಮುಟ್ಟಬಾರದು ಅಂತ ಬೋರ್ಡ್ ಹಾಕಲೇನು?" ಎಂದೆ. ವಿಮಲಾ, "ಹಬ್ಬಕ್ಕ ಬಂದವರಿಗೆ ಮುಟ್ಟಬ್ಯಾಡ್ರಿ ಅಂತಾರೇನ್ರಿ ಯಾರರ? ಸುಮ್ನಿರ್ರಿ, ನಾ ನೋಡ್ಕೋತೀನಿ" ಎಂದಳು.

ಮರುದಿನ ನಮ್ಮ ಹಾಲು ಹೆಣ್ಣುಮಕ್ಕಳಿಂದ ತುಂಬಿತು. ರೇಷ್ಮೆ ಸೀರೆಗಳು, ಮಲ್ಲಿಗೆ, ಬಳೆಗಳ ಸದ್ದು. ನಾನು ಮೂಲೆಯಲ್ಲಿ ಬೆವರುತ್ತ ನಿಂತಿದ್ದೆ. ಬಟ್ಟಲು ಹೊತ್ತ ಗೂಡ್ಸ್ ಗಾಡಿ ಗೌರಿಯರನ್ನು ಬಳಸಿ ಬರುತ್ತಿದ್ದಂತೆ ಕಾಕು ಎದ್ದೇಬಿಟ್ಟರು. "ಮೀ ದಾಬತೇ!" ತಾವೇ ಒತ್ತುವುದೆಂದು ತೋರುಬೆರಳು ಚಾಚಿದರು. ಲಾಫ್ಟಿನ ಏಣಿ ನನ್ನ ಕಣ್ಣ ಮುಂದೆ ಬಂತು. ವಿಮಲಾ ನಗುತ್ತ ಅವರ ಕೈ ಹಿಡಿದು, ತೋರುಬೆರಳನ್ನು ಮಡಿಸಿ ಉಂಗುರದ ಬೆರಳನ್ನು ಮುಂದೆ ಮಾಡಿ, ಮರಾಠಿಯಲ್ಲಿ, "ಕಾಕು, ಇದು ಗೌರಿಯ ಗುಂಡಿ. ಹಣೆಗೆ ಕುಂಕುಮ ಇಟ್ಟ ಹಾಗೆ ಒತ್ತಬೇಕು" ಎಂದಳು. ಕಾಕು ಉಂಗುರದ ಬೆರಳಿನಿಂದ ಗುಂಡಿಯನ್ನು ಮುಟ್ಟಿ, ಥಟ್ಟನೆ ಕೈ ಹಿಂದೆಗೆದು ನಮಸ್ಕಾರ ಮಾಡಿದರು. ಟಕ್! ರೈಲು ತಿರುಗಿ ಸೋಫಾದ ಮುಂದೆ ಬಂದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ ಸಾಲಾಗಿ ಎಲ್ಲರೂ ಬಂದು ಕುಂಕುಮ ಇಟ್ಟಂತೆ ಗುಂಡಿ ಮುಟ್ಟಿದರು. ಯಾರ ಕೈಯಲ್ಲೂ ಕಾಯಿಲ್ ಬೆಚ್ಚಗೆ ಕೂಡ ಆಗಲಿಲ್ಲ. ನನ್ನ ಹೆಂಡತಿಯ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅಷ್ಟು ಜನ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿಯೇಬಿಡುತ್ತಿದ್ದೆ.

ಅಷ್ಟರಲ್ಲಿ ಯಾರೋ ಇಂಜಿನಿಯರ್ ಕಾಕಾನ ಫೋಟೋ ತೆಗೆಯಬೇಕು ಎಂದರು. ನಾನು ಬೇಡ ಬೇಡ ಎನ್ನುತ್ತಲೇ ಅಂಗಿ ಸರಿಮಾಡಿಕೊಂಡು ಹೋಗಿ, ಗುಂಡಿಯ ಮೇಲೆ ಬೆರಳಿಟ್ಟು, ಗದಗಿನ ಪಾಯಿಂಟ್ಸ್‌ಮನ್ನನ ಹಾಗೆ ಮೈಭಾರ ಹಾಕಿ ನಿಂತು ನಕ್ಕೆ. ಒಂದು ಫೋಟೋ ಆಯಿತು. ಕಣ್ಣು ಮುಚ್ಚಿದ್ದೆನಂತೆ, ಇನ್ನೊಂದು. ಗೌರಿಯರು ಪೂರ್ತಿ ಬಂದಿಲ್ಲ, ಮತ್ತೊಂದು. ಕಾಕು ಪಕ್ಕದಲ್ಲಿ ಬಂದು ನಿಂತರು, ಮಗದೊಂದು. ನಾನು ನಗುತ್ತಲೇ ಇದ್ದೆ, ಬೆರಳು ಗುಂಡಿಯ ಮೇಲೆಯೇ ಇತ್ತು. ಹಲಗೆಯ ಸಂದಿಯಿಂದ, ಸರಿಯಾಗಿ ಇಂಜಿನ್ನಿನ ಪಕ್ಕದಲ್ಲಿ, ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು.

"ಅಗಬಾಯೀ! ಧೂರ ಪಣ ಯೇತೋ!" ಎಂದು ಕಾಕು ಕೂಗಿದರು. ಅಯ್ಯೋ ನೋಡಿರೇ, ಹೊಗೆಯೂ ಬರುತ್ತದೆ! ಇಡೀ ಹಾಲು ಇನ್ನೊಮ್ಮೆ ಚಪ್ಪಾಳೆ ತಟ್ಟಿತು. ಇಂಜಿನಿಯರೆಂದರೆ ಹೀಗಿರಬೇಕು, ನಿಜವಾದ ಉಗಿಬಂಡಿಯನ್ನೇ ಮಾಡಿದ್ದಾರೆ ಎಂದರು. ನಾನು ಕೈ ಮುಗಿದು ತಲೆಬಾಗಿದೆ. ಬೇರೇನು ಮಾಡಲಿ? ವಿಮಲಾ ಒಬ್ಬಳೇ ಮೂಗು ಅರಳಿಸಿ, ಪರಿಚಿತ ವಾಸನೆ ಹಿಡಿದು, ನನ್ನನ್ನು ನೋಡಿದಳು. ತಲೆಯಿಂದ ಒಂದು ಪಿನ್ನು ತೆಗೆದು, ಗೌರಿಯ ನೆರಿಗೆ ಸರಿಮಾಡುವಂತೆ ಬಾಗಿ, ಸತ್ತ ಕವಲಿನ ನಾಲಿಗೆಯನ್ನು ಸರಿಸಿ ರೈಲನ್ನು ಹೊರಡಿಸಿದಳು.

ಎಲ್ಲರೂ ಹೋದ ಮೇಲೆ ನಾನೇ ಹೋಗಿ ಲಾಫ್ಟಿನ ಏಣಿ ತಂದೆ. ವಿಮಲಾ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಗೋಡೆಗೆ ಆನಿಸಿದಳು. "ರೈಲಿಂದೇನು ತಪ್ಪದರಿ? ಅದು ಇಲ್ಲೇ ಇರ್ಲಿ. ಗುಂಡಿ ಮಾತ್ರ ಇನ್ನ ಮ್ಯಾಲ ನನ್ನ ಕೈಯಾಗ" ಎಂದಳು. ನಾನು ಖುಷಿಯಿಂದ ಒಪ್ಪಿಕೊಂಡೆ. ಅಷ್ಟರಲ್ಲಿ ಹೊರಗೆ ಬೆಲ್ ಹೊಡೆಯಿತು. ಹೊಡೆಯುತ್ತಲೇ ಇತ್ತು. ಓಡಿಹೋಗಿ ತೆರೆದರೆ, ಕಾಕು ತಮ್ಮ ತಂಗಿಯನ್ನೂ ನಾದಿನಿಯನ್ನೂ ಕರೆದುಕೊಂಡು ನಿಂತಿದ್ದರು. ಅವರಿಗೂ ಹೊಗೆ ಬಿಡುವ ರೈಲು ತೋರಿಸಬೇಕಂತೆ. ನಾನು ದಿಕ್ಕುಗಾಣದೆ ವಿಮಲಾಳ ಕಡೆ ನೋಡಿದೆ.

"ತೋರಸ್ರಿ, ಅದಕ್ಕೇನು," ಎಂದಳು ವಿಮಲಾ, ಗುಂಡಿಯ ಪಟ್ಟಿಯನ್ನು ನನ್ನ ಕಡೆ ಸರಿಸುತ್ತ. "ಇನ್ನೂ ಐದು ಕಾಯಿಲ್ ಉಳದಾವಲ್ಲ."