ಸತ್ಯಪ್ಪನವರ ಸ್ವಂತ ಕೂದಲು

ಬೈಲಹೊಂಗಲದ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸತ್ಯಪ್ಪನವರಿಗೆ ದೇವರು ಐವತ್ತೆರಡು ವರ್ಷದೊಳಗೆ ಹುಳುಕು ಹಲ್ಲು, ಮೊಣಕಾಲು ನೋವು, ಬಾಯಿ ಜೋರಿನ ಹೆಂಡತಿ ಎಲ್ಲವನ್ನೂ ಕೊಟ್ಟಿದ್ದ. ಆಮೇಲೆ ಅವನಿಗೇ ಪಾಪ ಅನ್ನಿಸಿರಬೇಕು, ಪರಿಹಾರವಾಗಿ ಒಂದು ತಲೆ ತುಂಬ ಕೂದಲು ಕೊಟ್ಟಿದ್ದ.

ಅಂಥಿಂಥ ಕೂದಲಲ್ಲ. ಬಾಚಣಿಗೆಯ ಹಲ್ಲು ಮುರಿಯುವಂಥ ಕೂದಲು. ಓರಗೆಯವರೆಲ್ಲ ರುಮಾಲು, ಟೊಪ್ಪಿಗೆಗಳಿಗೆ ಶರಣಾಗಿ ವರ್ಷಗಳಾಗಿದ್ದವು. ಸತ್ಯಪ್ಪನವರು ಮಾತ್ರ ಗಿರಾಕಿಯ ಮುಂದೆ ಥಾನು ಬಿಚ್ಚುವ ಮೊದಲು ಕಿಸೆಯ ಬಾಚಣಿಗೆ ತೆಗೆದು ಒಮ್ಮೆ ಕೇಶಸಂಸ್ಕಾರ ಮಾಡಿಕೊಳ್ಳುತ್ತಿದ್ದರು. (ಸೀರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದರೆ ಅವರಿಗೆ ಸಿಟ್ಟಿಲ್ಲ. ತಲೆಗೆ ಬಣ್ಣ ಹಚ್ಚುತ್ತೀರಾ ಎಂದು ಕೇಳಿದವರನ್ನು ಅಂಗಡಿಯ ಮೆಟ್ಟಿಲು ಇಳಿಸುತ್ತಿದ್ದರು.) ಇಂಥವರ ಮಾನ ಹೋದದ್ದು ಹೆಂಡತಿಯ ಬೈತಲೆಯ ದೆಸೆಯಿಂದ.

ಎರಡು ಸಾವಿರದ ಮೂರನೇ ಇಸವಿಯ ದೀಪಾವಳಿ ಮುಗಿದಿತ್ತು. ಮಗ ಮಹಾದೇವನಿಗೆ ರಾಮದುರ್ಗದ ಹುಡುಗಿ ಗಟ್ಟಿಯಾಗಿ, ಆರು ತಿಂಗಳಿಗೆ ಲಗ್ನ ಎಂದು ಮಾತಾಗಿತ್ತು. ಬೀಗರು ಬಸ್ಸು ಹತ್ತಿದ ಮೇಲೆ ಶೈಲಜಾ ಬಾಗಿಲು ಮುಂದೆ ಮಾಡಿ, ತುರುಬಿಗೆ ಕೈ ಹಾಕಿ, ಅದನ್ನು ಕಿತ್ತು ಗಂಡನ ಕೈಯಲ್ಲಿಟ್ಟಳು. ಹೆಂಡತಿ ಚೌರಿ ಕಟ್ಟುತ್ತಾಳೆಂದು ಸತ್ಯಪ್ಪನವರಿಗೆ ಗೊತ್ತಿತ್ತು. ಕಟ್ಟುವುದೆಲ್ಲ ಚೌರಿಯೇ ಎಂಬುದು ಗೊತ್ತಿರಲಿಲ್ಲ. ಅವಳ ಬೈತಲೆ ಧಾರವಾಡದ ರಸ್ತೆಯಷ್ಟು ಅಗಲವಾಗಿತ್ತು.

"ಲಗ್ನದಾಗ ಸುರಗಿ ಇರ್ತೈತಿ, ನೆನಪೈತಿಲ್ಲೋ?" ಎಂದಳು.

"ಐತಿ. ಅದಕ್ಕೇನಾತು?"

"ಬೀಗತಿ ಕಾಡವ್ವ ಎಣ್ಣಿ ಹಚ್ಚಾಕಂತ ನನ್ನ ತುರುಬು ಬಿಚ್ಚತಾಳ. ಇದು ಆಕಿ ಕೈಯಾಗ ಬರ್ತೈತಿ. ಆಮ್ಯಾಲೆ ನಾ ಯಾವ ಮಾರಿ ಹೊತ್ಕೊಂಡು ರಾಮದುರ್ಗಕ್ಕ ಹೋಗ್ಲಿ?"

ಮಾತು ಖರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನ ಜೊತೆ ಅವನ ಅಪ್ಪ ಅವ್ವನನ್ನೂ ಕೂಡಿಸಿ ಎಣ್ಣೆ ಅರಿಷಿಣ ಹಚ್ಚಿ ನೀರೆರೆಯುವುದು ಸುರಗಿ. ಎಣ್ಣೆ ಹಚ್ಚುವ ಹಕ್ಕು ಬೀಗರ ಹೆಂಗಸರದು, ನೋಡುವ ಹಕ್ಕು ಇಡೀ ಹಂದರದ್ದು. ಹೇಳುತ್ತ ಹೇಳುತ್ತ ಶೈಲಜಾ ಅತ್ತುಬಿಟ್ಟಳು. ಮೂವತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ಸತ್ಯಪ್ಪನವರು ಎರಡು ಸಲ ನೋಡಿದ್ದರು. "ಏನಾರ ಔಷಧ ನೋಡೂಣಂತ" ಎಂದರು.

ಔಷಧವನ್ನು ಅವಳು ಆಗಲೇ ಕಂಡುಹಿಡಿದಿದ್ದಳು. ಬೆಳಗಾವಿಯ ಡಾಕ್ಟರ್ ಬಾಯಿ ಚೀಟಿ ಬರೆದು, ಗುರುತಿಗೆಂದು ಒಂದು ಖಾಲಿ ಡಬ್ಬಿಯನ್ನೂ ಕೊಟ್ಟಿದ್ದರು. ತೊಡಕು ಇದ್ದದ್ದು ಡಬ್ಬಿಯ ಮೇಲೆ. ಅಲ್ಲಿ ಅಂಗಿಯಿಲ್ಲದ ಗಂಡಸೊಬ್ಬ ತಲೆ ಬಾಚಿಕೊಳ್ಳುತ್ತ ನಿಂತಿದ್ದ. ಕೆಳಗೆ 'ಗಂಡಸರಿಗಾಗಿ' ಎಂದು ದಪ್ಪಕ್ಷರ.

"ಮತ್ತ ನೀ ಹೆಂಗ ಹಚ್ಚತಿ?"

"ಕೂದಲಕ್ಕ ಗಂಡು ಹೆಣ್ಣು ತಿಳಿಯಂಗಿಲ್ಲ, ಹಚ್ಚರಿ ಅಂದಾರ ಡಾಕ್ಟರ್ ಬಾಯಿ. ಆದ್ರ ತರೂದು ನೀವು. ಮೆಡಿಕಲ್ ಲಕ್ಕಪ್ಪ ನಮ್ಮ ದೊಡವಾಡದಾಂವ. ನಾ ಬಾಟ್ಲಿ ತಗೊಂಡು ಮನಿ ಮುಟ್ಟೂದ್ರಾಗ ಸುದ್ದಿ ನನ್ನ ತವರಮನಿ ಮುಟ್ಟಿರ್ತೈತಿ."

"ಯಾರಿಗೆ ಅಂತ ಕೇಳಿದ್ರ?"

"ನಿಮಗ ಅನ್ರಿ. ನಿಮ್ಮ ತಲಿ ನೋಡಿದವರು ಯಾರ್ ನಂಬ್ತಾರ?"

ತರ್ಕ ಗಟ್ಟಿಯಾಗಿತ್ತು. ಆದರೆ ಊರು ತರ್ಕಶಾಸ್ತ್ರ ಓದಿರಲಿಲ್ಲ.

"ಯಾರಿಗ್ರಿ ಸಾವ್ಕಾರ್ರ?" ಎಂದ ಲಕ್ಕಪ್ಪ, ಚೀಟಿ ನೋಡಿ.

"ನನಗ."

ಲಕ್ಕಪ್ಪ ಚೀಟಿ ಬಿಟ್ಟು ಅವರ ತಲೆ ನೋಡಿದ. ಎಡಕ್ಕೆ ಬಾಗಿ ನೋಡಿದ, ಬಲಕ್ಕೆ ಬಾಗಿ ನೋಡಿದ. ಆಮೇಲೆ ದನಿ ತಗ್ಗಿಸಿ, "ಛಲೋ ಕುಂತೈತ್ರಿ. ಎಲ್ಲಿ ಮಾಡಿಸಿದ್ರಿ?" ಎಂದ.

"ಏನು?"

"ಏನಿಲ್ಲ ಬಿಡ್ರಿ. ಮುಂಜಾನೆ ಒಮ್ಮಿ, ಸಂಜಿಗೊಮ್ಮಿ ಹಚ್ಕೊಳ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ. ವಾರದೊಳಗೆ ಸತ್ಯಪ್ಪನವರ ತಲೆಯ ಮೇಲಿರುವುದು ಟೋಪನ್ನು, ಒಳಗೆ ಬರೀ ಬೋಳು ಎಂದು ಬಜಾರ ತೀರ್ಮಾನಿಸಿತು. ಇಪ್ಪತ್ತು ವರ್ಷದಿಂದ ಕತ್ತರಿಸುತ್ತಿದ್ದ ಕ್ಷೌರದವನಿಗೂ ತನ್ನ ಕೈಮೇಲೆ ಅನುಮಾನ ಹುಟ್ಟಿತು. ಸ್ಕೂಟರ್ ಮೇಲೆ ಹೊರಟರೆ ಪಕ್ಕದಂಗಡಿಯವರು, "ಗಾಳಿ ಜೋರೈತ್ರಿ, ಸಾವಕಾಶ ಹೋಗ್ರಿ" ಎನ್ನತೊಡಗಿದರು. ಹೆಣ್ಣುಮಕ್ಕಳು ಸೀರೆ ಬಿಟ್ಟು ಅವರ ಹಣೆಯಂಚು ನೋಡಿದರು. ಸತ್ಯಪ್ಪನವರು ಬಾಚಣಿಗೆ ತೆಗೆಯುವುದನ್ನೇ ಬಿಟ್ಟರು.

ಮನೆಯಲ್ಲಾದರೂ ನೆಮ್ಮದಿಯೇ? ಮೊದಲ ತಿಂಗಳು ಶೈಲಜಾಳ ಕೂದಲು ಇನ್ನಷ್ಟು ಉದುರಿತು. "ಬೇಕಂತನ ಬ್ಯಾರೆ ಬಾಟ್ಲಿ ತಂದೀರಿ ನೀವು" ಎಂದು ಎರಡು ಹೊತ್ತು ಜಗಳ. ಗಂಡಸರ ಔಷಧದಿಂದ ಮೀಸೆ ಬಂದೀತೆಂಬ ಭಯಕ್ಕೆ ಎದ್ದ ಕೂಡಲೇ ಕನ್ನಡಿ. ನಾಲ್ಕನೇ ತಿಂಗಳಿಗೆ ಬೈತಲೆಯ ಅಕ್ಕಪಕ್ಕ ಕಪ್ಪು ಮೊಳಕೆ ಕಂಡಾಗ ಮಾತ್ರ ಅವಳು ಗಂಡನಿಗೆ ಹೂರಣದ ಹೋಳಿಗೆ ಮಾಡಿ ಹಾಕಿದಳು.

ಹೋಳಿಗೆ ಅರಗುವ ಮೊದಲೇ ರಾಮದುರ್ಗದಿಂದ ಕಾಡವ್ವನ ಫೋನು ಬಂತು. "ಬೀಗರದು ಟೋಪನ್ ಅಂತ ಕೇಳೀವಿ. ಅಪ್ಪಂದು ಬೋಳಾದ್ರ ನಾಳೆ ಮಗಂದೂ ಬೋಳ. ನಮ್ಮ ಹುಡುಗಿ ಒಂದು ಮಾತು ಕೇಳ್ರಿ ಅಂದಾಳ."

ಸತ್ಯಪ್ಪನವರು ಕುದಿದರು. "ಸಾಕು. ಔಷಧ ನಿಂದು ಅಂತ ಹೇಳೇಬಿಡತೇನಿ."

"ಹೇಳ್ರಿ. ನಾ ಈ ಚೌರಿ ಒಯ್ದು ನಿಮ್ಮ ಅಂಗಡಿ ಬಾಗಲಕ್ಕ ತೋರಣ ಕಟ್ಟತೇನಿ," ಎಂದಳು ಶೈಲಜಾ. ಆಮೇಲೆ ಮೆತ್ತಗಾಗಿ, "ನೀವ್ಯಾಕ ಅಂಜತೀರಿ? ಸುರಗ್ಯಾಗ ನಿಮಗೂ ಎಣ್ಣಿ ಹಚ್ಚತಾರ. ಜಗ್ಗಿ ನೋಡ್ಲಿ. ಖರೇ ಯಾವುದು ಅಂತ ಊರ ಮುಂದ ಗೊತ್ತಾಗ್ತೈತಿ," ಎಂದಳು. ಸುರಗಿಯಲ್ಲಿ ಜಗ್ಗಿ ನೋಡಿರಿ ಎಂದು ಕಾಡವ್ವನಿಗೂ ಇದೇ ಉತ್ತರ ಹೋಯಿತು.

ಅಂದಿನಿಂದ ಸತ್ಯಪ್ಪನವರು ಮಗನಿಗಿಂತ ಹೆಚ್ಚು ಆತುರದಿಂದ ಲಗ್ನದ ದಾರಿ ಕಾದರು.

ಸುರಗಿಯ ದಿನ ಹಂದರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಡವ್ವ ಮೊದಲು ಶೈಲಜಾಳ ತುರುಬು ಬಿಚ್ಚಿದಳು. ತುರುಬು ಸಣ್ಣದು, ಆದರೆ ಇದ್ದಷ್ಟೂ ಅವಳದೇ. "ಯವ್ವಾ, ಈ ವಯಸ್ಸಿಗೆ ಬೈತಲಿ ಹಿಂಗ ತುಂಬಿದ್ದು ನಾ ನೋಡಿಲ್ಲ. ಏನ್ ಹಚ್ಚತೀರಿ?"

"ಕೊಬ್ಬರಿ ಎಣ್ಣಿರಿ. ನಂದು ಹುಟ್ಟಾ ಹಿಂಗ," ಎಂದಳು ಶೈಲಜಾ, ಕಣ್ಣು ಮಿಟುಕಿಸದೆ.

ಆಮೇಲೆ ಕಾಡವ್ವ ಸತ್ಯಪ್ಪನವರ ಕಡೆ ಹೊರಳಿದಳು. ಎರಡೂ ಕೈ ಎಣ್ಣೆಯಲ್ಲಿ ಅದ್ದಿ, ಮುಷ್ಟಿ ತುಂಬ ಕೂದಲು ಹಿಡಿದು ಬಾವಿಯಿಂದ ಕೊಡ ಜಗ್ಗಿದ ಹಾಗೆ ಜಗ್ಗಿದಳು. ಸತ್ಯಪ್ಪನವರ ಕಣ್ಣಲ್ಲಿ ನೀರು ಬಂತು. ಕೂದಲು ಬರಲಿಲ್ಲ. ಕಾಡವ್ವನ ತಂಗಿ ಜಗ್ಗಿದಳು. ತಂಗಿಯ ನಾದಿನಿ ಜಗ್ಗಿದಳು. ಸತ್ಯಪ್ಪನವರು ಅಳುತ್ತಲೇ ನಕ್ಕರು.

"ಟೋಪನ್ ಅಲ್ರವಾ," ಎಂದು ಕಾಡವ್ವ ಹಂದರಕ್ಕೆಲ್ಲ ಕೇಳುವಂತೆ ಸಾರಿದಳು. "ಖರೇ ಕೂದಲ."

ಸತ್ಯಪ್ಪನವರು ಎದೆ ಸೆಟೆಸಿದರು. ಆರು ತಿಂಗಳ ಅಪಮಾನ ಎಣ್ಣೆಯ ಜೊತೆ ತೊಳೆದುಹೋಯಿತು ಎನ್ನುವಷ್ಟರಲ್ಲಿ ಕಾಡವ್ವ ಮುಂದುವರಿಸಿದಳು: "ಆರು ತಿಂಗಳದಾಗ ಬೋಳ ತಲಿಮ್ಯಾಲೆ ಇಷ್ಟು ಬೆಳೆದಾವಂದ್ರ, ಔಷಧ ಅಂದ್ರ ಅದು ಔಷಧ."

"ನಮ್ಮ ಅಂಗಡಿದ್ರಿ," ಎಂದ ಲಕ್ಕಪ್ಪ, ಊಟದ ಸಾಲಿನಿಂದ ಕೈ ಎತ್ತಿ. "ತಪ್ಪದ ಆರು ಬಾಟ್ಲಿ ಒಯ್ದಾರ."

"ಇವು ಹುಟ್ಟಾ ಇದ್ದ ಕೂದಲ್ರಿ," ಎಂದರು ಸತ್ಯಪ್ಪನವರು. ಹಂದರ ನಕ್ಕಿತು. ಅವರು ಹೆಂಡತಿಯ ಮುಖ ನೋಡಿದರು. ಅವಳು ಸುರಗಿಯ ನೂಲಿನ ಎಳೆ ಎಣಿಸುತ್ತಿದ್ದಳು. ಊಟವಾಗುವಷ್ಟರಲ್ಲಿ ಏಳು ಜನ ಬೋಳು ತಲೆಯವರು ಬಂದು ಅವರ ತಲೆ ಮುಟ್ಟಿ ನೋಡಿದರು. ಲಕ್ಕಪ್ಪ ಅಂಗಡಿಯಲ್ಲಿ ತೂಗುಹಾಕಲು ಒಂದು ಫೋಟೋ ಕೇಳಿದ.

ಬೀಗರು ಹೊರಡುವ ಹೊತ್ತಿಗೆ ಕಾಡವ್ವ ಅವರನ್ನು ಹಂದರದ ಹಿಂದಕ್ಕೆ ಕರೆದಳು. ಅತ್ತಿತ್ತ ನೋಡಿ, ಸೆರಗಿನ ಮರೆಯಿಂದ ಒಂದು ಕರಿ ಗಂಟು ಅರ್ಧ ಹೊರಗೆ ತೆಗೆದು ತೋರಿಸಿದಳು. ಚೌರಿ.

"ಬೀಗರ, ಮುಂದಿನ ವರ್ಷ ನನ್ನ ಮಗಂದೂ ಲಗ್ನ ಐತಿ. ನನಗೂ ತಿಂಗಳಿಗೊಂದು ಬಾಟ್ಲಿ ತಂದು ಕಳಸ್ರಿ. ನಿಮ್ಮ ಹೆಸರಿಲೇ ತರ್ರಿ. ನಿಮಗ ಹೆಂಗೂ ಊರಾಗ ಹೆಸರಾಗೇತಿ."

ಮರುತಿಂಗಳು ಸತ್ಯಪ್ಪನವರು ಎರಡು ಬಾಟ್ಲಿ ಕೇಳಿದಾಗ ಲಕ್ಕಪ್ಪ ಗೋಡೆಯ ಮೇಲಿನ ಅವರ ಫೋಟೋ ನೋಡಿದ, ಅವರ ತಲೆ ನೋಡಿದ.

"ಮತ್ತ ಉದರಾಕ ಹತ್ತ್ಯಾವೇನ್ರಿ ಸಾವ್ಕಾರ್ರ?" ಎಂದ, ಕನಿಕರದಿಂದ.

ಸತ್ಯಪ್ಪನವರು ಬಹಳ ದಿನದ ಮೇಲೆ ಕಿಸೆಯಿಂದ ಬಾಚಣಿಗೆ ತೆಗೆದು, ತಮ್ಮ ಹುಟ್ಟು ಕೂದಲನ್ನು ಸಾವಕಾಶ ಹಿಂದಕ್ಕೆ ಬಾಚಿಕೊಂಡು, "ಹೂನೋ ಮಾರಾಯಾ" ಎಂದರು.